ಶಿಲ್ಪಿಯ ಎದೆಯೊಳಗಿನ ದೂಳು

ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ತಲೆಮಾರುಗಳಿಂದ ಕಲ್ಲನ್ನೇ ನಂಬಿ ಬದುಕಿದ ಊರು. ಇಲ್ಲಿ ಕೆತ್ತಿದ ದೇವರುಗಳು ದೂರದೂರದ ಗುಡಿಗಳಲ್ಲಿ ಪೂಜೆಗೊಳ್ಳುತ್ತಿವೆ. ಕಲ್ಲು ಒಡೆಯುವ, ಕೆತ್ತುವ, ಉಜ್ಜುವ ಮನೆಗಳಲ್ಲಿ ಯಾರಿಗಾದರೂ ಬಿಡದ ಕೆಮ್ಮು ಹತ್ತಿ, ನಾಲ್ಕು ಹೆಜ್ಜೆಗೆ ದಮ್ಮು ಬರತೊಡಗಿದರೆ ಏಳುವ ಪ್ರಶ್ನೆಗಳು ಎಲ್ಲ ಕಡೆಯೂ ಒಂದೇ ತೆರನಾದವು. ಇದು ಟಿ.ಬಿ.ಯೇ? ಕೆಲಸ ಬಿಟ್ಟರೆ ವಾಸಿಯಾದೀತೇ? ಬೆಲ್ಲ ತಿಂದರೆ ದೂಳು ಇಳಿಯುತ್ತದಂತೆ, ನಿಜವೇ? ಬಾಯಿಗೆ ಟವೆಲು ಕಟ್ಟಿಕೊಂಡರೆ ಸಾಲದೇ? ಇವಕ್ಕೆ ಉತ್ತರ ಹುಡುಕಲು ವೈದ್ಯಲೋಕ ಬಹಳ ಕಾಲ ತೆಗೆದುಕೊಂಡಿದೆ. ಆ ಹುಡುಕಾಟದ ಭಾರತದ ಮೊದಲ ಅಧ್ಯಾಯ ಬರೆಯಲ್ಪಟ್ಟದ್ದು ಕೋಲಾರದ ನೆಲದಲ್ಲೇ.

ಕಲ್ಲುಕುಟಿಗರ ಎದೆಯ ಕಾಯಿಲೆಯನ್ನು ಇಟಲಿಯ ವೈದ್ಯ ರಾಮಜ್ಜಿನಿ 1700ರಲ್ಲಿ ಹೊರಬಂದ ತನ್ನ ಗ್ರಂಥದಲ್ಲೇ ದಾಖಲಿಸಿದ್ದ. ಸಿಲಿಕೋಸಿಸ್ ಎಂಬ ಹೆಸರು ಬಂದದ್ದು 1870ರಲ್ಲಿ. ಹೆಸರು ಸಿಕ್ಕಿದರೂ ಅದನ್ನು ಕ್ಷಯದಿಂದ ಬೇರ್ಪಡಿಸಿ ನೋಡಲು ಎಕ್ಸ್‌ರೇ ಬರಬೇಕಾಯಿತು, ಚಿನ್ನದ ಗಣಿಗಳಲ್ಲಿ ಸಾವಿರಾರು ಜನ ಸಾಯಬೇಕಾಯಿತು. 1930ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ನಂತರವೇ ಇದು ಉದ್ಯೋಗದಿಂದ ಬರುವ ಪ್ರತ್ಯೇಕ ರೋಗವೆಂದು ಜಗತ್ತು ಗಟ್ಟಿಯಾಗಿ ಒಪ್ಪಿಕೊಂಡಿತು.

ಕೋಲಾರದ ಚಿನ್ನದ ಗಣಿಯಲ್ಲಿ ಚಿನ್ನ ಅಡಗಿದ್ದದ್ದು ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಅದನ್ನು ಕೊರೆದಾಗ ಏಳುವ ಸಿಲಿಕಾ ದೂಳೇ ಕಾಯಿಲೆಯ ಮೂಲ. ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮಗಳನ್ನು ತಂದಿತು. 1940ರಿಂದ 46ರವರೆಗೆ ಅಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಲಾಯಿತು. ನೂರಕ್ಕೆ 43ಕ್ಕೂ ಹೆಚ್ಚು ಮಂದಿಯಲ್ಲಿ ರೋಗ ಕಂಡುಬಂತು. 1947ರಲ್ಲಿ ಬೆಳಕಿಗೆ ಬಂದ ಈ ವರದಿಯನ್ನೇ ನಮ್ಮ ವೈದ್ಯಕೀಯ ಪಠ್ಯಪುಸ್ತಕಗಳು ಭಾರತದ ಮೊದಲ ಸಿಲಿಕೋಸಿಸ್ ದಾಖಲೆ ಎಂದು ಕಲಿಸುತ್ತವೆ. ಮುಂದೆ ಗಣಿ ಕಾರ್ಮಿಕರ ಆರೋಗ್ಯಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಇದೇ ಗಣಿಯ ಊರಾದ ಕೆ.ಜಿ.ಎಫ್.ನಲ್ಲಿ ಹುಟ್ಟಿ, ಆಮೇಲೆ ನಾಗಪುರಕ್ಕೆ ಹೋಯಿತು. ಗಣಿ 2001ರಲ್ಲಿ ಮುಚ್ಚಿತು.

ಗಣಿ ಮುಚ್ಚಿದರೆ ರೋಗ ಮುಚ್ಚುವುದಿಲ್ಲ. ದಕ್ಷಿಣ ಆಫ್ರಿಕಾದ 2,235 ಚಿನ್ನದ ಗಣಿಗಾರರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಅವರಲ್ಲಿ ಸಿಲಿಕೋಸಿಸ್ ಆದವರ ಪೈಕಿ ನೂರಕ್ಕೆ 57 ಜನರ ಎಕ್ಸ್‌ರೇಯಲ್ಲಿ ಗುರುತು ಮೂಡಿದ್ದು ಗಣಿ ಬಿಟ್ಟ ಮೇಲೆ, ಸರಾಸರಿ ಏಳೂವರೆ ವರ್ಷಗಳ ಆಸುಪಾಸಿನಲ್ಲಿ. ಕೆಲಸ ಬಿಟ್ಟರೆ ವಾಸಿಯಾದೀತೇ ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಒಳಹೊಕ್ಕ ದೂಳು ಅಲ್ಲೇ ಕೂತು ತನ್ನ ಕೆಲಸ ಮುಂದುವರಿಸುತ್ತದೆ. ಆದರೂ ದೂಳಿನಿಂದ ದೂರವಾಗಲೇಬೇಕು: ಎಷ್ಟು ಕಡಿಮೆ ದೂಳು ಒಳಗೆ ಹೋಗುತ್ತದೋ ಮುಂದಿನ ಕೇಡು ಅಷ್ಟು ಕಡಿಮೆ.

ಕೇಡು ಮಾಡುವ ಬಗೆಯೂ ಈಗ ಗೊತ್ತಿದೆ. ಶ್ವಾಸಕೋಶವನ್ನು ಚೊಕ್ಕಟವಾಗಿಡುವ ಕಾವಲು ಜೀವಕೋಶಗಳು ಸಿಲಿಕಾದ ಚೂರನ್ನು ನುಂಗುತ್ತವೆ, ಕರಗಿಸಲಾಗದೆ ತಾವೇ ಸಾಯುತ್ತವೆ. ಸತ್ತ ಜೀವಕೋಶದಿಂದ ಹೊರಬಿದ್ದ ಚೂರನ್ನು ಇನ್ನೊಂದು ನುಂಗುತ್ತದೆ. ಹೀಗೆ ಉರಿಯೂತ ಬೆಳೆದು ಮೃದುವಾದ ಅಂಗ ಗಂಟುಗಂಟಾಗಿ ಗಡುಸಾಗುತ್ತದೆ.

ಕ್ಷಯದ ರೋಗಾಣುವನ್ನು ಹಿಡಿಯಬೇಕಾದ ಕಾವಲುಗಾರರೂ ಈ ಜೀವಕೋಶಗಳೇ. ಆದ್ದರಿಂದ ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಬರುವ ಅಪಾಯ ಬಹಳ ಹೆಚ್ಚು. ಸಿಲಿಕೋಸಿಸ್ ಕಾಣಿಸದಿದ್ದರೂ ದೂಳು ಕುಡಿದವರಿಗೆ ಅಪಾಯ ಹೆಚ್ಚೆಂದು 1998ರ ಇನ್ನೊಂದು ಆಫ್ರಿಕನ್ ಅಧ್ಯಯನ ತೋರಿಸಿತು. ಸಿಲಿಕೋಸಿಸ್, ಟಿ.ಬಿ. ಎರಡೂ ಒಟ್ಟಿಗೆ ಇರಬಹುದು, ಒಂದನ್ನು ಇನ್ನೊಂದೆಂದು ತಪ್ಪು ತಿಳಿಯಲೂಬಹುದು. ಔಷಧದ ಅವಧಿಯ ವಿಚಾರದಲ್ಲಿ ನಮ್ಮ ಮದರಾಸಿನ ಕ್ಷಯ ಸಂಶೋಧನಾ ಕೇಂದ್ರವೂ ಪಾಲ್ಗೊಂಡು ಹಾಂಗ್‌ಕಾಂಗಿನಲ್ಲಿ ನಡೆಸಿದ ಪ್ರಯೋಗ ಬಹಳ ಮುಖ್ಯವಾದದ್ದು. 1991ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ, ಸಿಲಿಕೋಸಿಸ್ ಜೊತೆಗೆ ಕ್ಷಯವೂ ಇದ್ದವರಲ್ಲಿ ಆರು ತಿಂಗಳ ಚಿಕಿತ್ಸೆ ಪಡೆದ ನೂರರಲ್ಲಿ 22 ಮಂದಿಗೆ ರೋಗ ಮರುಕಳಿಸಿತು. ಎಂಟು ತಿಂಗಳು ಪಡೆದವರಲ್ಲಿ 7 ಮಂದಿಗೆ. ತಾನು ಕಲ್ಲಿನ ಕೆಲಸದವನೆಂದು ರೋಗಿ ವೈದ್ಯರಿಗೆ ಹೇಳುವ ಒಂದು ಮಾತಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಬೆಲ್ಲ. ದೂಳಿನಲ್ಲಿ ದುಡಿಯುವವರು ದಿನದ ಕೊನೆಗೆ ಬೆಲ್ಲದ ತುಂಡು ಬಾಯಿಗೆ ಹಾಕಿಕೊಳ್ಳುವುದು ದೇಶದ ಹಲವೆಡೆ ಇರುವ ರೂಢಿ. ಲಖನೌದ ವಿಷವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ ಪರೀಕ್ಷೆಗೆ ಒಡ್ಡಿದರು. ಕಲ್ಲಿದ್ದಲು ಮತ್ತು ಸಿಲಿಕಾ ದೂಳು ಕೊಟ್ಟ ಇಲಿಗಳಿಗೆ ಬೆಲ್ಲ ತಿನ್ನಿಸಿದಾಗ ಕಣಗಳು ಶ್ವಾಸಕೋಶದಿಂದ ಸಾಗುವುದು ಹೆಚ್ಚಿತು, ಹಾನಿ ತಗ್ಗಿತು ಎಂದು 1994ರಲ್ಲಿ ವರದಿ ಮಾಡಿದರು. ಜನರ ಇಂಥ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಒಯ್ದದ್ದು ನನಗೆ ತುಂಬ ದೊಡ್ಡ ಕೆಲಸವೆನಿಸುತ್ತದೆ. ಆದರೆ ಅದು ಇಲಿಗಳ ಮೇಲಿನ ಫಲಿತಾಂಶ. ಮನುಷ್ಯರಲ್ಲಿ ಬೆಲ್ಲ ಸಿಲಿಕೋಸಿಸ್ ತಡೆಯುತ್ತದೆಂದು ಸಾಬೀತಾಗಿಲ್ಲ. ಬೆಲ್ಲ ತಿಂದಿದ್ದೇನೆ ಎಂಬ ಧೈರ್ಯದಲ್ಲಿ ದೂಳು ಕುಡಿಯುವುದು ಪ್ರಾಣಕ್ಕೆ ಎರವು. ಸಕ್ಕರೆ ಕಾಯಿಲೆ ಇದ್ದವರಿಗಂತೂ ಎರಡು ಪಟ್ಟು ಕೇಡು.

ಟವೆಲಿನ ವಿಷಯ ಇಷ್ಟು ಜಟಿಲವಲ್ಲ. ಶ್ವಾಸಕೋಶದ ಆಳಕ್ಕಿಳಿಯುವ ಕಣಗಳು ಕಣ್ಣಿಗೇ ಕಾಣದಷ್ಟು ಸಣ್ಣವು, ಬಟ್ಟೆಯ ಎಳೆಗಳ ನಡುವೆ ನುಸುಳುತ್ತವೆ. ಮುಖಕ್ಕೆ ಬಿಗಿಯಾಗಿ ಕೂರುವ ಶೋಧಕ ಮುಖಕವಚ ಬೇಕು. ಅದಕ್ಕೂ ಮೊದಲು ದೂಳು ಏಳದಂತೆ ಕಲ್ಲಿಗೆ ನೀರು ಹರಿಸಬೇಕು. ಚಾಣ ಸುತ್ತಿಗೆಯಲ್ಲಿ ಚಕ್ಕೆ ಏಳುತ್ತದೆ. ಗ್ರೈಂಡರ್, ಕಟರ್ ಓಡಿದರೆ ಹಿಟ್ಟಿನಂಥ ದೂಳೆದ್ದು ಇಡೀ ಅಂಗಳ ತುಂಬುತ್ತದೆ. ಪಕ್ಕದಲ್ಲಿ ಆಡುವ ಮಗುವೂ ಅದನ್ನೇ ಉಸಿರಾಡುತ್ತದೆ. ಕಲ್ಲಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ: ಗ್ರಾನೈಟಿನಲ್ಲಿ ಬೆಣಚಿನ ಅಂಶ ನೂರಕ್ಕೆ 20ಕ್ಕಿಂತ ಹೆಚ್ಚು. ಬೀಡಿ ಸೇದುವವರಿಗೆ ಹಾನಿ ಮತ್ತೂ ಹೆಚ್ಚು. ಸಿಲಿಕಾ ದೂಳು ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1997ರಲ್ಲೇ ಸಾರಿದೆ.

ಗಡುಸಾದ ಶ್ವಾಸಕೋಶವನ್ನು ಮತ್ತೆ ಮೃದುಗೊಳಿಸುವ ಮದ್ದು ಇಂದಿಗೂ ಇಲ್ಲ. ಬೇಗ ಪತ್ತೆಹಚ್ಚಲು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ರಕ್ತದಲ್ಲಿನ ಸಿಸಿ16 ಎಂಬ ಪ್ರೋಟೀನು ಕುಸಿಯುವುದನ್ನು ಅಳೆಯುವ ಪರೀಕ್ಷೆ ರೂಪಿಸಿದೆ. ಈ ಕ್ಷೇತ್ರದಲ್ಲಿ ನನಗೆ ಅತಿ ಹೆಚ್ಚು ಭರವಸೆ ಕೊಡುವುದು ಇದೇ.

ಗಣಿಗೆ ಕಾನೂನಿತ್ತು, ಕಂಪನಿಯಿತ್ತು, ಪರೀಕ್ಷಿಸುವ ವೈದ್ಯರಿದ್ದರು. ಮನೆಯಂಗಳವೇ ಕಾರ್ಖಾನೆಯಾದ ಶಿಲ್ಪಿಗೆ ಕಾರ್ಖಾನೆಗಳ ಕಾನೂನಿನ ರಕ್ಷಣೆ ಸಿಗುವುದು ಕಷ್ಟ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆ ಶಿಲ್ಪಿಗಳನ್ನೂ ಒಳಗೊಂಡು ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಕೊಡುತ್ತದೆ. ಆ ಉಪಕರಣಗಳಲ್ಲಿ ನೀರು ಹರಿಸುವ ಕಟರ್, ಸರಿಯಾದ ಮುಖಕವಚ ಸೇರಲಿ. ವರ್ಷಕ್ಕೊಮ್ಮೆ ಎದೆಯ ತಪಾಸಣೆ ಮಾಡುವ ವಾಹನ ಶಿವಾರಪಟ್ಟಣದ ಬೀದಿಗೂ ಬರಲಿ. ಎರಡು ವಾರ ದಾಟಿದ ಕೆಮ್ಮಿದ್ದರೆ ಆಸ್ಪತ್ರೆಗೆ ಹೋಗಿ, ಅಲ್ಲಿ ಮೊದಲು ನಿಮ್ಮ ಕಸುಬನ್ನು ಹೇಳಿ.