ಮಾತಿನಲ್ಲೇ ಕಟ್ಟಿದ ಲೋಕ: ಪಠ್ಯಾಧಾರಿತ ಬಹುಜನ ಕಂಪ್ಯೂಟರ್ ಆಟಗಳ ಚರಿತ್ರೆ ಮತ್ತು ಜಾನಪದೀಯ ನೆಲೆಗಳು

ಜಾನಪದವೆಂದರೆ ಗ್ರಾಮೀಣರ, ಅನಕ್ಷರಸ್ಥರ, ಗತಕಾಲದ ಸೊತ್ತು ಎಂಬ ಗ್ರಹಿಕೆ ಬಹುಕಾಲ ಅಧ್ಯಯನಕ್ಷೇತ್ರವನ್ನು ಆಳಿತು. ಒಂದಾದರೂ ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಸಮೂಹವೂ ‘ಜನಪದ’ವೇ ಎಂದು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ ಪ್ರತಿಪಾದಿಸಿದ ಮೇಲೆ ಈ ಗ್ರಹಿಕೆ ಸಡಿಲಗೊಂಡಿತು. ಡಂಡೆಸ್ ಅವರು ಕಾರ್ಲ್ ಪ್ಯಾಗ್ಟರ್ ಅವರೊಡಗೂಡಿ 1975ರಲ್ಲಿ ಪ್ರಕಟಿಸಿದ ಸಂಕಲನವು, ಕಚೇರಿಗಳಲ್ಲಿ ನಕಲುಯಂತ್ರದ ನೆರವಿನಿಂದ ಕೈಯಿಂದ ಕೈಗೆ ದಾಟುತ್ತಿದ್ದ ನಗೆಬರಹಗಳನ್ನೂ ಚಿತ್ರಗಳನ್ನೂ ಜಾನಪದ ಸಾಮಗ್ರಿಯೆಂದೇ ಪರಿಗಣಿಸಿತು. ಆ ಸಂಕಲನ ಹೊರಬಂದ ಮೂರು ವರ್ಷಗಳಲ್ಲಿ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಆಟವೊಂದು ಇದೇ ವಾದವನ್ನು ಇನ್ನೂ ಮುಂದಕ್ಕೆ ಕೊಂಡೊಯ್ಯುವ ಸಾಮಗ್ರಿಯನ್ನು ಒದಗಿಸಿತು. ಚಿತ್ರವಿಲ್ಲದೆ, ಧ್ವನಿಯಿಲ್ಲದೆ, ಕೇವಲ ಬರೆದ ಮಾತಿನಿಂದ ಹಲವರು ಏಕಕಾಲದಲ್ಲಿ ಆಡುವ ಈ ಅದ್ಭುತಲೋಕದ ಆಟಗಳು ‘ಮಡ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ. ಅವುಗಳ ಚರಿತ್ರೆಯನ್ನು ನಿರೂಪಿಸಿ, ಅವು ಪರಂಪರೆಯೊಂದರ ಲಕ್ಷಣಗಳನ್ನು ಯಾವ ಅರ್ಥದಲ್ಲಿ ಪಡೆದಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹುಟ್ಟು ಮತ್ತು ಹಿನ್ನೆಲೆ

ಈ ಆಟಗಳ ಹಿಂದೆ ಮೂರು ಧಾರೆಗಳಿವೆ. ಮೊದಲನೆಯದು ಅದ್ಭುತ ಸಾಹಿತ್ಯ. ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಜೆ.ಆರ್.ಆರ್. ಟೋಲ್ಕಿನ್ 1954-55ರಲ್ಲಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಉತ್ತರ ಯುರೋಪಿನ ಪುರಾಣಗಳ ಕುಬ್ಜರು, ಯಕ್ಷರು, ಘಟಸರ್ಪಗಳನ್ನು ಹೊಸ ಓದುಗರಿಗೆ ತಲುಪಿಸಿತು. ಎರಡನೆಯದು, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಸುತ್ತಲಿನ ಪಾತ್ರಾಭಿನಯದ ಆಟ. ಮೂರನೆಯದು, ಒಬ್ಬರೇ ಆಡುವ ಸಾಹಸಕಥನದ ಕಂಪ್ಯೂಟರ್ ಆಟ. ಕೆಂಟಕಿಯ ಮ್ಯಾಮತ್ ಗುಹೆಗಳ ಅನ್ವೇಷಣೆಯಲ್ಲಿ ತೊಡಗಿದ್ದ ವಿಲ್ ಕ್ರೌದರ್ 1970ರ ದಶಕದ ನಡುಭಾಗದಲ್ಲಿ ಬರೆದ ‘ಅಡ್ವೆಂಚರ್’ ಆಟವನ್ನು 1977ರಲ್ಲಿ ಡಾನ್ ವುಡ್ಸ್ ವಿಸ್ತರಿಸಿದರು. ನೆಲದಡಿಯ ನಿಜವಾದ ಗುಹೆಯೊಂದರ ನಕ್ಷೆ ಮಾಂತ್ರಿಕ ಲೋಕದ ನಕ್ಷೆಯಾಗಿ ಮಾರ್ಪಟ್ಟ ಈ ಸಂಗತಿ, ಸ್ಥಳೈತಿಹ್ಯಗಳ ಅಧ್ಯಯನ ಮಾಡುವವರಿಗೆ ಅಪರಿಚಿತವೇನಲ್ಲ.

ಈ ಮೂರೂ ಧಾರೆಗಳು ಕೂಡಿದ್ದು ಕೋಲ್ಚೆಸ್ಟರಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ವಿದ್ಯಾರ್ಥಿ ರಾಯ್ ಟ್ರಬ್‌ಶಾ 1978ರಲ್ಲಿ ಮೊದಲ ಮಡ್ ಆಟವನ್ನು ಬರೆಯಲು ತೊಡಗಿದರು. ಅವರೊಡನೆ ಸೇರಿದ ರಿಚರ್ಡ್ ಬಾರ್ಟಲ್ 1980ರಿಂದ ಅದರ ಹೊಣೆ ಹೊತ್ತು ಬೆಳೆಸಿದರು. ಅದೇ ವರ್ಷ ವಿಶ್ವವಿದ್ಯಾಲಯಕ್ಕೆ ಹೊರದೇಶದ ಜಾಲದ ಸಂಪರ್ಕ ದೊರೆಯಿತು. ಕಂಪ್ಯೂಟರ್ ಬಿಡುವಾಗಿರುತ್ತಿದ್ದ ನಡುರಾತ್ರಿಯ ನಂತರದ ಹೊತ್ತಿನಲ್ಲಿ ಹೊರಗಿನವರಿಗೂ ದೂರವಾಣಿಯ ಮೂಲಕ ಆಡಲು ಅವಕಾಶ ನೀಡಲಾಯಿತು. ಬೆಳಗಿನ ದುಡಿಮೆ ಮುಗಿದ ಬಳಿಕ ಇರುಳಿನಲ್ಲಿ ಸೇರಿ ಬೆಳಗಾಗುವವರೆಗೆ ನಡೆಯುವ ಕಲಾಪಗಳ ಸಾಲಿಗೆ ಹೀಗೆ ಇನ್ನೊಂದು ಸೇರಿತು. ಇದೇ ಕಾಲದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ‘ಪ್ಲೇಟೊ’ ಕಂಪ್ಯೂಟರ್ ವ್ಯವಸ್ಥೆಯಲ್ಲಿಯೂ ಹಲವರು ಕೂಡಿ ಆಡುವ ಇಂಥ ಆಟಗಳು ರೂಪುಗೊಂಡಿದ್ದವು. ಕಥೆಗಳು ಒಂದೇ ಮೂಲದಿಂದ ಹರಡುತ್ತವೆಯೇ, ಹಲವೆಡೆ ಸ್ವತಂತ್ರವಾಗಿ ಹುಟ್ಟುತ್ತವೆಯೇ ಎಂಬ ಹಳೆಯ ಚರ್ಚೆಗೆ ಇಲ್ಲಿಯೂ ಆಸ್ಪದವಿದೆ. ಆದರೆ ನಂತರದ ಉಚಿತ ಆಟಗಳ ವಂಶವೃಕ್ಷದ ಬೇರು ಎಸೆಕ್ಸಿನಲ್ಲಿದೆ ಎಂಬುದು ನಿರ್ವಿವಾದ.

ಆಟದ ಸ್ವರೂಪ

ಆಟಗಾರನು ತನಗೊಂದು ಹೆಸರಿಟ್ಟುಕೊಂಡು ಪ್ರವೇಶಿಸುತ್ತಾನೆ. ಅವನು ನಿಂತ ತಾಣದ ವರ್ಣನೆ ನಾಲ್ಕೈದು ಸಾಲುಗಳಲ್ಲಿ ತೆರೆಯ ಮೇಲೆ ಮೂಡುತ್ತದೆ. ಉತ್ತರಕ್ಕೆ ಹೋಗು, ಕತ್ತಿಯನ್ನು ಎತ್ತಿಕೋ, ಬಾಗಿಲನ್ನು ತೆರೆ ಎಂಬಂಥ ಆಜ್ಞೆಗಳನ್ನು ಅವನು ಬೆರಳಚ್ಚಿಸಿದಂತೆ ಲೋಕವು ಉತ್ತರಿಸುತ್ತದೆ. ಅದೇ ತಾಣದಲ್ಲಿರುವ ಇತರ ಆಟಗಾರರಿಗೂ ಅವನ ಮಾತು ಮತ್ತು ಕ್ರಿಯೆಗಳು ಆ ಕ್ಷಣವೇ ಕಾಣುತ್ತವೆ. ಎಸೆಕ್ಸಿನ ಆಟದಲ್ಲಿ ನಿಧಿಗಳನ್ನು ಹುಡುಕಿ ತಂದು ಜೌಗುನೆಲದಲ್ಲಿ ಎಸೆದರೆ ಅಂಕಗಳು ಸಿಗುತ್ತಿದ್ದವು. 400 ಅಂಕಗಳಿಂದ ಮೊದಲಾಗುವ ಪದವಿಗಳು ಮೆಟ್ಟಿಲಿಗೊಮ್ಮೆ ಇಮ್ಮಡಿಯಾಗುತ್ತ ಸಾಗಿ, 1,02,400 ಅಂಕಗಳನ್ನು ಗಳಿಸಿದವನು ‘ಮಾಂತ್ರಿಕ’ನಾಗುತ್ತಿದ್ದ. ಕಾದಾಟದಲ್ಲಿ ಇನ್ನೊಬ್ಬರ ಕೈಯಲ್ಲಿ ಸತ್ತರೆ ಪಾತ್ರವೇ ಅಳಿದುಹೋಗಿ, ಮೊದಲಿನಿಂದ ಆರಂಭಿಸಬೇಕಾಗಿತ್ತು.

ಈ ಪದವಿಗಳ ಏಣಿಯಲ್ಲಿ ಸಾಮಾಜಿಕ ಆಶಯವೊಂದಿತ್ತು. ಹುಟ್ಟು, ಉಚ್ಚಾರಣೆ, ಮನೆತನಗಳಿಂದ ವ್ಯಕ್ತಿಯ ಸ್ಥಾನ ನಿರ್ಧಾರವಾಗುತ್ತಿದ್ದ ಬ್ರಿಟಿಷ್ ವರ್ಗವ್ಯವಸ್ಥೆಗೆ ಪ್ರತಿಯಾಗಿ, ಸ್ವಪ್ರಯತ್ನದಿಂದಲೇ ಮೇಲೇರಬಹುದಾದ ಲೋಕವನ್ನು ತಾವು ಕಟ್ಟಿದೆವೆಂದು ಬಾರ್ಟಲ್ ನಂತರದ ವರ್ಷಗಳಲ್ಲಿ ಹೇಳಿದ್ದಾರೆ. ನಿತ್ಯಜೀವನದ ಶ್ರೇಣಿಯನ್ನು ಅಮಾನತಿನಲ್ಲಿಟ್ಟು ಬೇರೊಂದು ಶ್ರೇಣಿಯನ್ನು ಆಟದ ಆವರಣದೊಳಗೆ ಸ್ಥಾಪಿಸುವುದು ಜನಪದ ಹಬ್ಬ ಮತ್ತು ಆಟಗಳ ಮೂಲಗುಣ. ಯೋಹಾನ್ ಹುಯಿಜಿಂಗಾ 1938ರಲ್ಲಿ ಆಟವನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ ವಿವರಿಸಿದ ಪ್ರತ್ಯೇಕ ಆವರಣದ ಕಲ್ಪನೆ ಇಲ್ಲಿ ಅಕ್ಷರಶಃ ನಿಜವಾಗಿದೆ.

ಕನ್ನಡದ ಸಂದರ್ಭದಲ್ಲಿ ಇದಕ್ಕೆ ಹತ್ತಿರದ ಹೋಲಿಕೆ ತಾಳಮದ್ದಳೆಯದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗದ ಪದ್ಯಗಳು ಮೊದಲೇ ಗೊತ್ತಾಗಿರುತ್ತವೆ, ಅರ್ಥಧಾರಿಗಳ ಮಾತು ಮಾತ್ರ ಆ ರಾತ್ರಿಯದು. ಮಡ್ ಆಟದಲ್ಲಿಯೂ ತಾಣಗಳ ವರ್ಣನೆ ಸಿದ್ಧಪಠ್ಯ. ಆಟಗಾರರ ಸಂವಾದ ಆಶುಸೃಷ್ಟಿ. ಹೋಲಿಕೆಗೆ ಮಿತಿಯೂ ಉಂಟು. ತಾಳಮದ್ದಳೆಗೆ ಎದುರಿನಲ್ಲಿ ಕೇಳುಗರಿರುತ್ತಾರೆ. ಇಲ್ಲಿ ಆಡದೆ ಬರಿದೆ ನೋಡುವವರಿಲ್ಲ.

ಪ್ರಸರಣ ಮತ್ತು ಪಾಠಾಂತರಗಳು

1987ರಲ್ಲಿ ವೇಲ್ಸಿನ ಆಬರಿಸ್ಟ್‌ವಿತ್‌ನಲ್ಲಿ ಅಲನ್ ಕಾಕ್ಸ್ ಮತ್ತು ಸಂಗಡಿಗರು ‘ಆಬರ್‌ಮಡ್’ ಬರೆದರು. ಅದು ಸಿ ಭಾಷೆಗೆ ಪರಿವರ್ತನೆಗೊಂಡ ಬಳಿಕ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಹಬ್ಬಿತು. 1989ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೇಮ್ಸ್ ಆಸ್ಪ್‌ನೆಸ್ ‘ಟೈನಿಮಡ್’ ಮೂಲಕ ಕಾದಾಟವನ್ನು ಕೈಬಿಟ್ಟು, ಆಟಗಾರರೇ ಹೊಸ ತಾಣಗಳನ್ನು ಕಟ್ಟುವ ಅವಕಾಶ ನೀಡಿದರು. ಅದೇ ವರ್ಷ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಲಾರ್ಸ್ ಪೆನ್‌ಶೋ ‘ಎಲ್‌ಪಿಮಡ್’ ರೂಪಿಸಿ, ಪಳಗಿದ ಆಟಗಾರರು ಆಟ ನಡೆಯುತ್ತಿರುವಾಗಲೇ ಲೋಕವನ್ನು ವಿಸ್ತರಿಸುವಂತೆ ಮಾಡಿದರು. ಟೆರಿ ಪ್ರ್ಯಾಚೆಟ್ ಕಾದಂಬರಿಗಳ ಲೋಕವನ್ನು ಆಧರಿಸಿ 1991ರಲ್ಲಿ ಆರಂಭವಾದ ‘ಡಿಸ್ಕ್‌ವರ್ಲ್ಡ್’ ಮಡ್ ಈ ಶಾಖೆಗೆ ಸೇರಿದ್ದು.

ಎಲ್ಲಕ್ಕಿಂತ ವಿಪುಲವಾಗಿ ಕವಲೊಡೆದದ್ದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಐವರು ವಿದ್ಯಾರ್ಥಿಗಳು ರಚಿಸಿ 1991ರಲ್ಲಿ ಬಿಡುಗಡೆ ಮಾಡಿದ ‘ಡಿಕುಮಡ್’. ಹಾನ್ಸ್ ಹೆನ್ರಿಕ್ ಸ್ಟೇರ್‌ಫೆಲ್ಟ್, ಕಾಟ್ಯಾ ನ್ಯೂಬೊ, ಟಾಮ್ ಮ್ಯಾಡ್ಸನ್, ಮೈಕೆಲ್ ಸೈಫರ್ಟ್ ಮತ್ತು ಸೆಬಾಸ್ಟಿಯನ್ ಹ್ಯಾಮರ್ ಈ ಐವರು. ಇದರಿಂದ ‘ಮರ್ಕ್’, ಅದರಿಂದ ‘ರಾಮ್’ ಹುಟ್ಟಿದವು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜೆರೆಮಿ ಎಲ್ಸನ್ 1993ರಲ್ಲಿ ‘ಸರ್ಕಲ್‌ಮಡ್’ ಹೊರತಂದರು. ಇವುಗಳಲ್ಲಿ ಯಾವುದನ್ನೇ ಪ್ರವೇಶಿಸಿದರೂ ಹೊಸ ಆಟಗಾರನು ಬಹುಮಟ್ಟಿಗೆ ಮಿಡ್‌ಗಾರ್ಡ್ ಎಂಬ ನಗರದ ದೇವಾಲಯದಲ್ಲಿ ಕಣ್ತೆರೆಯುತ್ತಿದ್ದನು. ಉತ್ತರ ಯುರೋಪಿನ ಪುರಾಣದಲ್ಲಿ ಮಾನವರ ನೆಲೆಯ ಹೆಸರಾದ ಈ ಪದವು ಡೆನ್ಮಾರ್ಕಿನ ವಿದ್ಯಾರ್ಥಿಗಳ ಕೈಯಲ್ಲಿ ಆಟದ ಪಟ್ಟಣವಾಯಿತು. ನಕಲು ಪಡೆದವರು ಪಟ್ಟಣವನ್ನು ಉಳಿಸಿಕೊಂಡು ಅದರ ಸುತ್ತ ತಮ್ಮ ಕಾಡು, ಕೋಟೆ, ಗುಹೆಗಳನ್ನು ಸೇರಿಸಿದರು.

ಪಾಠಾಂತರಗಳನ್ನು ಹೋಲಿಸಿ ಕಥೆಯ ಮೂಲರೂಪವನ್ನೂ ಅದು ಸಾಗಿದ ದಾರಿಯನ್ನೂ ಊಹಿಸುವುದು ಫಿನ್ಲೆಂಡಿನ ಚಾರಿತ್ರಿಕ-ಭೌಗೋಳಿಕ ವಿಧಾನದ ಗುರಿಯಾಗಿತ್ತು. ಆ ವಿದ್ವಾಂಸರಿಗೆ ದೊರೆಯದ ಅನುಕೂಲ ಇಲ್ಲಿದೆ: ಮೂಲಪಾಠ, ಕರ್ತೃ, ಕಾಲ ಮೂರೂ ತಿಳಿದಿವೆ. ಆದರೂ ಪ್ರಸರಣದ ರೀತಿ ಮೌಖಿಕ ಪರಂಪರೆಯದೇ. ಕರ್ತೃವಿನ ಅಜ್ಞಾತತೆ ಜಾನಪದದ ಅನಿವಾರ್ಯ ಲಕ್ಷಣವಲ್ಲ, ಸ್ವೀಕರಿಸಿದವನಿಗೆ ಬದಲಿಸುವ ಅಧಿಕಾರವಿರುವುದೇ ಮುಖ್ಯ ಲಕ್ಷಣ ಎಂಬ ವಾದಕ್ಕೆ ಇದು ಬಲವಾದ ಸಾಕ್ಷ್ಯ.

ಉಚಿತವೆಂಬ ಕಟ್ಟಳೆ

ಈ ಆಟಗಳು ಉಚಿತವಾಗಿದ್ದುದು ಆಕಸ್ಮಿಕವಲ್ಲ. ಎಸೆಕ್ಸಿನ ಆಟ 1987ರಿಂದ ಅಮೆರಿಕದ ಕಂಪ್ಯುಸರ್ವ್ ಜಾಲದಲ್ಲಿ ಗಂಟೆಯ ಲೆಕ್ಕದ ಶುಲ್ಕಕ್ಕೆ ಒಳಪಟ್ಟು ‘ಬ್ರಿಟಿಷ್ ಲೆಜೆಂಡ್ಸ್’ ಎಂಬ ಹೆಸರಿನಲ್ಲಿ ನಡೆಯಿತು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಡಿಕುಮಡ್ ಕರ್ತೃಗಳು ತಮ್ಮ ಪರವಾನಗಿಯಲ್ಲಿ ಎರಡು ಕಟ್ಟಳೆಗಳನ್ನು ವಿಧಿಸಿದರು: ಇದರಿಂದ ಯಾರೂ ಲಾಭ ಗಳಿಸಕೂಡದು, ಆಟವನ್ನು ಪ್ರವೇಶಿಸುವಾಗ ಐವರ ಹೆಸರೂ ಕಾಣಿಸಬೇಕು. ಅಂಕಿತವನ್ನು ಬಿಡದೆ ಹಾಡಬೇಕೆಂಬ ತತ್ತ್ವಪದಕಾರರ ಶಿಸ್ತನ್ನು ಇದು ನೆನಪಿಸುತ್ತದೆ. ಪಾಠವನ್ನು ತಿದ್ದಬಹುದು, ಬೆಳೆಸಬಹುದು. ಕೊಟ್ಟವರ ಹೆಸರನ್ನು ಅಳಿಸುವಂತಿಲ್ಲ, ಮಾರುವಂತಿಲ್ಲ.

ಈ ಕಟ್ಟಳೆಯ ಪರೀಕ್ಷೆ ನಡೆದದ್ದು ಚಿತ್ರರೂಪದ ವಾಣಿಜ್ಯ ಆಟಗಳು ಬಂದಾಗ. 1999ರಲ್ಲಿ ಹೊರಬಂದ ‘ಎವರ್‌ಕ್ವೆಸ್ಟ್’ ಆಟದ ರಚನೆ ಡಿಕು ಶಾಖೆಯನ್ನು ಬಹುವಾಗಿ ಹೋಲುತ್ತಿದ್ದುದರಿಂದ, ಅದರ ತಂತ್ರಾಂಶವನ್ನೇ ಬಳಸಲಾಗಿದೆಯೇ ಎಂಬ ಶಂಕೆ ಎದ್ದಿತು. ಡಿಕುಮಡ್‌ನ ಸಂಕೇತಪಾಠವನ್ನು ಬಳಸಿಲ್ಲವೆಂದು ಅದರ ನಿರ್ಮಾತೃಗಳು 2000ದಲ್ಲಿ ಪ್ರಮಾಣಪೂರ್ವಕ ಹೇಳಿಕೆ ನೀಡಿದರು. ಪಾಠವನ್ನು ತೆಗೆದುಕೊಂಡಿರಲಿಲ್ಲ, ಪಡೆದದ್ದು ಆಶಯಗಳನ್ನು, ರಚನೆಯನ್ನು. ಕಾನೂನು ಪಾಠಕ್ಕೆ ಒಡೆತನವನ್ನು ಒಪ್ಪುತ್ತದೆ, ಆಶಯಕ್ಕಲ್ಲ. ಹೀಗೆ ಉಚಿತವಾಗಿ ಬೆಳೆದ ಸಮುದಾಯದ ಸೃಷ್ಟಿಯೊಂದು ಯಾವ ನಿಯಮವನ್ನೂ ಮುರಿಯದೆ ಮಾರುಕಟ್ಟೆಯ ಬಂಡವಾಳವಾಯಿತು. 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಕೂಡ ಇದೇ ಪರಂಪರೆಯ ಫಲಾನುಭವಿ. ಜನಪದ ವೈದ್ಯ, ಕಸೂತಿ, ಸಂಗೀತಗಳ ವಿಷಯದಲ್ಲಿ ಕೇಳಲಾಗುತ್ತಿರುವ ಒಡೆತನದ ಪ್ರಶ್ನೆ ಇಲ್ಲಿಯೂ ಅಷ್ಟೇ ತೀವ್ರವಾಗಿದೆ.

ಮಾತು, ಹೊಣೆ ಮತ್ತು ಕಟ್ಟುಪಾಡು

ಪೇವೆಲ್ ಕರ್ಟಿಸ್ 1990ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಆರಂಭಿಸಿದ ‘ಲ್ಯಾಂಬ್ಡಾಮೂ’ ಲೋಕದಲ್ಲಿ ಒಬ್ಬ ಆಟಗಾರ ಇತರರ ಪಾತ್ರಗಳ ಮೇಲೆ ಮಾತಿನ ಮೂಲಕವೇ ಲೈಂಗಿಕ ಹಿಂಸೆ ಎಸಗಿದ ಪ್ರಕರಣವನ್ನು ಪತ್ರಕರ್ತ ಜೂಲಿಯನ್ ಡಿಬ್ಬೆಲ್ 1993ರಲ್ಲಿ ದಾಖಲಿಸಿದರು. ಆಡಳಿತಗಾರರು ಸಾಮಾಜಿಕ ತೀರ್ಮಾನಗಳಿಂದ ಹಿಂದೆ ಸರಿದಿದ್ದ ಹೊತ್ತಿನಲ್ಲಿ ಸಮುದಾಯ ಸಭೆ ಸೇರಿ ಚರ್ಚಿಸಿತು. ಒಮ್ಮತ ಮೂಡಲಿಲ್ಲ, ಕೊನೆಗೆ ಆಡಳಿತಗಾರರಲ್ಲೊಬ್ಬರು ತಾವೇ ನಿರ್ಧರಿಸಿ ಆ ಪಾತ್ರವನ್ನು ಅಳಿಸಿದರು. ಆ ಬಳಿಕ ಅರ್ಜಿ ಮತ್ತು ಮತದಾನದ ಪದ್ಧತಿ ಜಾರಿಗೆ ಬಂದಿತು. ಮಾತಿನಿಂದಲೇ ಕಟ್ಟಿದ ಲೋಕದಲ್ಲಿ ಮಾತೇ ಕೃತ್ಯವಾಗುತ್ತದೆ. ಬೈಗುಳ, ಶಾಪ, ಆಣೆಗಳ ಶಕ್ತಿಯನ್ನು ಬಲ್ಲ ಜಾನಪದ ವಿದ್ವಾಂಸರಿಗೆ ಈ ಸತ್ಯ ಹೊಸದಲ್ಲ. ಲಿಖಿತ ನಿಯಮವಿಲ್ಲದ ಸಮೂಹವೊಂದು ನೋವುಂಡ ಮೇಲೆ ಕಟ್ಟುಪಾಡನ್ನು ರೂಪಿಸಿಕೊಂಡ ಬಗೆ ಇಲ್ಲಿ ದಿನಾಂಕಸಹಿತ ದಾಖಲಾಗಿರುವುದು ವಿಶೇಷ. ಆಟಗಾರರನ್ನು ಸಾಧಕರು, ಅನ್ವೇಷಕರು, ಒಡನಾಟಪ್ರಿಯರು, ಕೊಲೆಗಡುಕರು ಎಂದು ಬಾರ್ಟಲ್ 1996ರ ಪ್ರಬಂಧದಲ್ಲಿ ವಿಂಗಡಿಸಿದ್ದರ ಹಿಂದೆಯೂ ಇಂಥ ಸಮೂಹಗಳ ಸಮತೋಲದ ಚಿಂತೆಯಿದೆ.

ಲಿಪಿ, ಶ್ರವಣ ಮತ್ತು ಉಳಿವು

ಈ ಲೋಕಗಳು 128 ಸಂಕೇತಗಳ ಆಸ್ಕಿ ವ್ಯವಸ್ಥೆಯಲ್ಲಿ ಹುಟ್ಟಿದವು; ಅದರಲ್ಲಿ ರೋಮನ್ ಲಿಪಿಗಷ್ಟೇ ಎಡೆಯಿತ್ತು. ಡಿಕುಮಡ್ ಹೊರಬಂದ 1991ರಲ್ಲಿಯೇ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿ ಕನ್ನಡ ಲಿಪಿಗೆ ಸ್ಥಾನ ನೀಡಿತಾದರೂ, ಆಟಗಳ ತಂತ್ರಾಂಶ ಹಳೆಯ ಪದ್ಧತಿಯಲ್ಲೇ ಉಳಿಯಿತು. ಭಾರತದಲ್ಲಿ ಸಾರ್ವಜನಿಕ ಅಂತರ್ಜಾಲ ಸೇವೆ 1995ರ ಆಗಸ್ಟ್ 15ರಂದು ಆರಂಭವಾದ ಮೇಲೆ ಇಂಥ ಆಟಕ್ಕಿಳಿದ ಕನ್ನಡಿಗನೂ ಇಂಗ್ಲಿಷ್ ಆಜ್ಞೆಗಳಲ್ಲೇ ಆಡಬೇಕಾಗಿತ್ತು. ಮಾತಿನ ಕಲೆಗಳು ಇಷ್ಟು ಸಮೃದ್ಧವಾಗಿರುವ ಭಾಷೆಯೊಂದಕ್ಕೆ ಮಾತಿನ ಈ ಹೊಸ ರಂಗದ ಬಾಗಿಲು ತೆರೆಯದೆ ಹೋದದ್ದು ಲಿಪಿಯ ಕಾರಣದಿಂದ ಎಂಬುದನ್ನು ಗಮನಿಸಬೇಕು.

ಚಿತ್ರರೂಪದ ಆಟಗಳ ಪ್ರಾಬಲ್ಯದ ನಡುವೆಯೂ ಪಠ್ಯದ ಆಟಗಳು ಉಳಿದಿವೆ. ತೆರೆಯ ಮೇಲಿನ ಬರಹವನ್ನು ಓದಿಹೇಳುವ ತಂತ್ರಾಂಶದ ನೆರವಿನಿಂದ ದೃಷ್ಟಿಹೀನರು ಇವುಗಳನ್ನು ಇತರರಿಗೆ ಸರಿಸಮವಾಗಿ ಆಡಬಲ್ಲರು. ‘ಆಲ್ಟರ್ ಈಯಾನ್’ನಂಥ ಆಟಗಳಲ್ಲಿ ಅಂಥವರ ದೊಡ್ಡ ಬಳಗವೇ ಇದೆ. ಬರಹವಾಗಿ ಹುಟ್ಟಿದ ಲೋಕ ಅವರ ಪಾಲಿಗೆ ಕಿವಿಯ ಕಥನವಾಗಿದೆ. ಪರಂಪರೆಯೊಂದು ಯಾರಿಗೆ ಅಗತ್ಯವೋ ಅವರಲ್ಲಿ ಬದುಕುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಆದರೆ ಅಳಿವಿನ ಅಪಾಯ ನಿಜವಾದುದು. ಕಂಪ್ಯುಸರ್ವ್ 1999ರಲ್ಲಿ ‘ಬ್ರಿಟಿಷ್ ಲೆಜೆಂಡ್ಸ್’ ಅನ್ನು ಮುಚ್ಚಿತು. ವಿಕ್ಟರ್ ಟೋತ್ ಅದನ್ನು ಹೊಸ ಕಂಪ್ಯೂಟರ್‌ಗಳಿಗೆ ಹೊಂದುವಂತೆ ಪುನಃ ಬರೆದು ಉಚಿತವಾಗಿ ತೆರೆದುದರಿಂದ ಪಾಠ ಉಳಿಯಿತು. ಎಲ್ಲ ಆಟಗಳಿಗೂ ಆ ಭಾಗ್ಯವಿಲ್ಲ. ತಂತ್ರಾಂಶ ಉಳಿದರೂ ತಾಣಗಳ ವರ್ಣನೆಯಷ್ಟೇ ಉಳಿಯುತ್ತದೆ. ಆ ತಾಣಗಳಲ್ಲಿ ಸೇರಿದವರ ಹಾಸ್ಯ, ಜಗಳ, ಸ್ನೇಹ, ಗುರುಶಿಷ್ಯ ಸಂಬಂಧಗಳು ಉಳಿಯುವುದಿಲ್ಲ. ಹಾಡನ್ನು ಬರೆದುಕೊಂಡು ಹಾಡುಗಾರಿಕೆಯನ್ನು ಕಳೆದುಕೊಂಡ ಅನುಭವ ಜಾನಪದ ಸಂಗ್ರಹಕಾರ್ಯದ ಚರಿತ್ರೆಯಲ್ಲಿ ಸಾಕಷ್ಟಿದೆ. ಮೊದಲ ತಲೆಮಾರಿನ ಆಟಗಾರರು ಈಗ ಇಳಿವಯಸ್ಸಿಗೆ ಕಾಲಿಟ್ಟಿದ್ದಾರೆ. ಅವರ ನೆನಪುಗಳನ್ನು ಸಂದರ್ಶನಗಳ ಮೂಲಕ ಸಂಗ್ರಹಿಸುವುದು, ಪಾಠಾಂತರಗಳನ್ನು ಕರ್ತೃಗಳ ಹೆಸರುಸಹಿತ ಗ್ರಂಥಾಲಯಗಳಲ್ಲಿ ಕಾಪಿಡುವುದು, ಆಟದ ಮಾತುಕತೆಯ ದಾಖಲೆಗಳನ್ನು ಆಟಗಾರರ ಒಪ್ಪಿಗೆಯಿಂದ ಸಂರಕ್ಷಿಸುವುದು ಸದ್ಯದ ತುರ್ತು. ಹೊಲ, ಜಾತ್ರೆ, ಗುಡಿಗಳಲ್ಲಿ ಪಳಗಿದ ಕ್ಷೇತ್ರಕಾರ್ಯದ ವಿಧಾನಗಳು ಇದಕ್ಕೂ ಸಲ್ಲುತ್ತವೆ.