ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್

ಮುಂಬಯಿಯ ಬೋರಿಬಂದರಿನಲ್ಲಿರುವ ರೈಲು ನಿಲ್ದಾಣ. ಮಧ್ಯ ರೈಲ್ವೆಯ ಕೇಂದ್ರ ಕಚೇರಿಯೂ ಹೌದು. ಮೊದಲ ಹೆಸರು ವಿಕ್ಟೋರಿಯಾ ಟರ್ಮಿನಸ್. 1996ರಲ್ಲಿ ಶಿವಾಜಿಯ ಹೆಸರಿಟ್ಟು, 2017ರಲ್ಲಿ ಅದಕ್ಕೆ 'ಮಹಾರಾಜ್' ಸೇರಿಸಲಾಯಿತು. ಹಳಬರ ಬಾಯಲ್ಲಿ ಇದು ಇಂದಿಗೂ 'ವಿ.ಟಿ.'ಯೇ.

1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟದ್ದು ಬೋರಿಬಂದರಿನಿಂದಲೇ. ಆಗಿನ ನಿಲ್ದಾಣ ತೀರಾ ಸಾದಾ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿ ಅದರ ಬದಲಿಗೆ 1878ರಲ್ಲಿ ಹೊಸ ಕಟ್ಟಡ ಆರಂಭಿಸಿತು. ಕೆಲಸ ಹತ್ತು ವರ್ಷ ಹಿಡಿಯಿತು; ಖರ್ಚು ಸುಮಾರು 16 ಲಕ್ಷ ರೂಪಾಯಿ. 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ವರ್ಷ, ನಿಲ್ದಾಣಕ್ಕೆ ಅವಳ ಹೆಸರಿಡಲಾಯಿತು.

ವಾಸ್ತುಶಿಲ್ಪಿ ಎಫ್. ಡಬ್ಲ್ಯು. ಸ್ಟೀವನ್ಸ್ ಇದನ್ನು ವಿಕ್ಟೋರಿಯನ್ ಗಾಥಿಕ್ ಶೈಲಿಯಲ್ಲಿ ರೂಪಿಸಿದರು. ಚೂಪು ಕಮಾನು, ಗೋಪುರಗಳು ಇಟಲಿಯ ಮಧ್ಯಯುಗವನ್ನು ನೆನಪಿಸಿದರೆ, ಮೇಲ್ಛಾವಣಿಯ ಸಾಲು ನಮ್ಮ ಅರಮನೆಗಳ ಕಡೆಗೆ ವಾಲುತ್ತದೆ. ನಡುವಿನ ಎಂಟು ಮುಖದ ಕಲ್ಲಿನ ಗುಮ್ಮಟ ನಿಜವಾದ ಸಾಹಸ. ಒಂದಕ್ಕೊಂದು ಕಚ್ಚಿಕೊಳ್ಳುವ ಪಕ್ಕೆಗಳನ್ನು, ಕೆಳಗೆ ಆಸರೆಯ ಚೌಕಟ್ಟು ಕೊಡದೆಯೇ ಮೇಲಕ್ಕೆ ಎಬ್ಬಿಸಲಾಗಿದೆ. ತುದಿಯಲ್ಲಿ 'ಪ್ರಗತಿ'ಯ ಸ್ತ್ರೀವಿಗ್ರಹ: ಬಲಗೈಯಲ್ಲಿ ಪಂಜು, ಎಡಗೈಯಲ್ಲಿ ಚಕ್ರ. ಸೋಜಿಗವೆಂದರೆ, ಈ ಗುಮ್ಮಟ ಕವಿದಿರುವುದು ಪ್ಲಾಟ್‌ಫಾರ್ಮಿನ ಮೇಲಲ್ಲ, ಕಚೇರಿಯ ಮೆಟ್ಟಿಲ ಮೇಲೆ. ದಿನವೂ ಲೋಕಲ್ ಹಿಡಿಯುವವರು ಅದರಡಿ ಹಾದುಹೋಗುವುದೇ ಇಲ್ಲ. ಅವರ ಪಾಲಿಗೆ 'ಸ್ಟಾರ್ ಚೇಂಬರ್' ಎಂಬ ಟಿಕೆಟ್ ಸಭಾಂಗಣವಿದೆ. ಅಮೃತಶಿಲೆಯ ಕಂಬಗಳ ನಡುವೆ ಅಲ್ಲಿ ಕ್ಯೂ ನಿಲ್ಲಬಹುದು.

ಕೆತ್ತನೆಯಲ್ಲಿ ಬಾಂಬೆ ಸ್ಕೂಲ್ ಆಫ್ ಆರ್ಟ್‌ನ ವಿದ್ಯಾರ್ಥಿಗಳ ಕೈಚಳಕವಿದೆ. ಹೆಬ್ಬಾಗಿಲ ಕಂಬಗಳ ಮೇಲೆ ಬ್ರಿಟನ್ನಿನ ಸಿಂಹ, ಭಾರತದ ಹುಲಿ. ಕಂಪನಿಯ ನಿರ್ದೇಶಕರ ಮುಖಗಳಿಗೆ ಜಾಗ ಸಿಕ್ಕಂತೆ, ಪೇಟ ಸುತ್ತಿದ ಇಲ್ಲಿನ ನಾನಾ ಸಮುದಾಯದವರ ಮುಖಗಳಿಗೂ ಸಿಕ್ಕಿದೆ, ನವಿಲೂ ಗರಿಗೆದರಿದೆ. ಗಡಿಯಾರದ ಕೆಳಗಿದ್ದ ರಾಣಿಯ ಪ್ರತಿಮೆಯನ್ನು ಮಾತ್ರ ತೆಗೆಯಲಾಗಿದೆ. ಗೂಡು ಹಾಗೇ ಉಳಿದಿದೆ.

ಯುನೆಸ್ಕೊ 2004ರಲ್ಲಿ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಬಂದು ನಿಲ್ಲುವುದು ಇಲ್ಲೇ. ಇಳಿದವರು ರಸ್ತೆ ದಾಟಿ ಮಹಾನಗರಪಾಲಿಕೆಯ ಕಟ್ಟಡದ ಬಳಿ ನಿಂತು ತಿರುಗಿ ನೋಡಬೇಕು. ಆ ಕಟ್ಟಡವೂ ಸ್ಟೀವನ್ಸ್ ಅವರದೇ.