‘ಜ್ಯೋತಿ’: ಬೆಂಗಳೂರಿನ ತಾಳಕ್ಕೆ ಸ್ಯಾಕ್ಸೊಫೋನ್ ಕೂಡಿದ ಎಲ್‌ಪಿ

ಜಾಜ್ ಸ್ಯಾಕ್ಸೊಫೋನಿನ ಹೆಸರಾಂತ ಎಲ್‌ಪಿಗಳನ್ನು ಪಟ್ಟಿ ಮಾಡುವವರು ಸಾಮಾನ್ಯವಾಗಿ ನ್ಯೂಯಾರ್ಕಿನಲ್ಲಿ ಶುರುಮಾಡಿ ನ್ಯೂಯಾರ್ಕಿನಲ್ಲೇ ಮುಗಿಸುತ್ತಾರೆ. ಆ ಪಟ್ಟಿಯಲ್ಲಿ ಇರಲೇಬೇಕಾದ, ಆದರೆ ನಮ್ಮ ನಾಡಿನಲ್ಲೇ ಹೆಚ್ಚು ಜನ ಕೇಳದ ರೆಕಾರ್ಡ್ ‘ಜ್ಯೋತಿ’. 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆ ಇದನ್ನು ಹೊರತಂದಿತು. ಸ್ಯಾಕ್ಸೊಫೋನ್ ನುಡಿಸಿದವರು ಅಮೆರಿಕದ ಚಾರ್ಲಿ ಮರಿಯಾನೊ. ಉಳಿದ ನಾಲ್ವರೂ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು.

ಯಾದಗಿರಿ, ಶಹಾಪುರ, ಸುರಪುರದ ಕಡೆ ಜಾಜ್ ಎಂದರೆ ದೂರದ ಮಾತು ಅನ್ನಿಸಬಹುದು. ಆದರೆ ಗುಡಿಯಲ್ಲಿ ರಾತ್ರಿಯಿಡೀ ಭಜನೆ ಕೇಳಿ, ಮದುವೆಯಲ್ಲಿ ಸನಾದಿ, ಮೆರವಣಿಗೆಯಲ್ಲಿ ಬ್ಯಾಂಡು ಕೇಳಿ ಬೆಳೆದ ಕಿವಿಗೆ ಈ ರೆಕಾರ್ಡಿನ ಅರ್ಧ ದಾರಿ ಆಗಲೇ ಗೊತ್ತಿರುತ್ತದೆ. ಉಳಿದ ಅರ್ಧಕ್ಕೆ ನೆರವಾಗುವ ಕೆಲವು ಸಂಗತಿಗಳು ಇಲ್ಲಿವೆ.

ವಾದ್ಯದ ಬಗ್ಗೆ

ಸ್ಯಾಕ್ಸೊಫೋನನ್ನು ರೂಪಿಸಿದವನು ಬೆಲ್ಜಿಯಂನ ಅಡಾಲ್ಫ್ ಸಾಕ್ಸ್. ಪ್ಯಾರಿಸ್ಸಿನಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿದ್ದು 1846ರಲ್ಲಿ. ಸುರಪುರ ಸಂಸ್ಥಾನದ ಆಡಳಿತವನ್ನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ನೋಡಿಕೊಳ್ಳುತ್ತಿದ್ದ ಕಾಲ ಅದು. ಮೈಯೆಲ್ಲ ಹಿತ್ತಾಳೆಯಾದರೂ ಇದರ ನಾದ ಹುಟ್ಟುವುದು ಬಾಯಲ್ಲಿಡುವ ಜೊಂಡಿನ ತೆಳು ಪಟ್ಟಿಯಿಂದ, ಅಂದರೆ ರೀಡ್‌ನಿಂದ. ನಮ್ಮ ಸನಾದಿಯಲ್ಲಿ ಎರಡು ಪದರ ಒಂದಕ್ಕೊಂದು ತಾಗಿ ಕಂಪಿಸುತ್ತವೆ. ಸ್ಯಾಕ್ಸೊಫೋನಿನಲ್ಲಿ ಒಂದೇ ಪದರ. ಎರಡರ ಕೊಳವೆಯೂ ಬಾಯಿಯಿಂದ ತುದಿಗೆ ಅಗಲವಾಗುತ್ತ ಹೋಗುತ್ತದೆ. ‘ಜ್ಯೋತಿ’ಯಲ್ಲಿ ಮರಿಯಾನೊ ನುಡಿಸಿದ್ದು ಸೊಪ್ರಾನೊ, ಅಂದರೆ ಈ ಮನೆತನದ ಎತ್ತರದ ಶ್ರುತಿಯ ಸ್ಯಾಕ್ಸೊಫೋನ್. ಸಾಮಾನ್ಯವಾಗಿ ಅದು ನೆಟ್ಟಗಿರುತ್ತದೆ, ಕೊಕ್ಕೆಯಂತೆ ಬಾಗಿರುವುದಿಲ್ಲ. ಕಣ್ಣಿಗೂ ಕಿವಿಗೂ ಸನಾದಿಯ ನೆಂಟ.

ತೊಡಕು ಇರುವುದು ಬೆರಳಿನಲ್ಲಿ. ಸನಾದಿ, ನಾಗಸ್ವರಗಳಲ್ಲಿ ಬೆರಳು ನೇರವಾಗಿ ತೂತಿನ ಮೇಲೆ ಕೂರುತ್ತದೆ. ಅರ್ಧ ತೆರೆದು, ಕಾಲುಭಾಗ ಮುಚ್ಚಿ, ಸ್ವರದಿಂದ ಸ್ವರಕ್ಕೆ ಜಾರಬಹುದು. ಸ್ಯಾಕ್ಸೊಫೋನಿನ ತೂತುಗಳ ಮೇಲೆ ಮೆತ್ತೆ ಹಚ್ಚಿದ ಮುಚ್ಚಳಗಳಿವೆ, ಅವುಗಳನ್ನು ಎಬ್ಬಿಸಿ ಕೂರಿಸಲು ಕೀಲಿಗಳಿವೆ. ಹಾಗಾಗಿ ಗಮಕವನ್ನು ಬಹುಮಟ್ಟಿಗೆ ತುಟಿಯಲ್ಲಿ, ದವಡೆಯಲ್ಲಿ, ಗಂಟಲಲ್ಲಿ ತರಬೇಕು. ದವಡೆ ಸ್ವಲ್ಪ ಸಡಿಲಿಸಿದರೆ ಸ್ವರ ಇಳಿಯುತ್ತದೆ, ಬಿಗಿದರೆ ಏರುತ್ತದೆ. ‘ಜ್ಯೋತಿ’ ಕೇಳುವಾಗ ಒಂದು ಸ್ವರದ ಕೊನೆ ಹೇಗೆ ಬಾಗುತ್ತದೆ ಎಂಬುದನ್ನಷ್ಟೇ ಹಿಡಿದು ಹೋದರೂ ಸಾಕು, ಮರಿಯಾನೊ ಏನು ಮಾಡುತ್ತಿದ್ದಾರೆಂಬುದು ತಿಳಿಯುತ್ತದೆ.

ಮರಿಯಾನೊ

1923ರಲ್ಲಿ ಬೋಸ್ಟನ್‌ನಲ್ಲಿ ಹುಟ್ಟಿದ ಚಾರ್ಲಿ ಮರಿಯಾನೊ, ಜಾಜ್ ಸ್ಯಾಕ್ಸೊಫೋನಿನ ದಿಗ್ಗಜ ಚಾರ್ಲಿ ಪಾರ್ಕರ್‌ನ ಪ್ರಭಾವದಲ್ಲಿ ಬೆಳೆದ ಪೀಳಿಗೆಯವರು. 1950ರ ದಶಕದಲ್ಲಿ ಸ್ಟ್ಯಾನ್ ಕೆಂಟನ್‌ನ ದೊಡ್ಡ ವಾದ್ಯವೃಂದದಲ್ಲಿದ್ದರು. 1963ರ ಜನವರಿಯಲ್ಲಿ ಚಾರ್ಲ್ಸ್ ಮಿಂಗಸ್ ಧ್ವನಿಮುದ್ರಿಸಿದ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ಅಳುವಂತೆ, ಕೂಗಿ ಕರೆಯುವಂತೆ ಕೇಳಿಸುವ ಆಲ್ಟೊ ಸ್ಯಾಕ್ಸೊಫೋನ್ ಇವರದೇ. ಇದೊಂದೇ ರೆಕಾರ್ಡ್ ಸಾಕಿತ್ತು, ಜಾಜ್ ಚರಿತ್ರೆಯಲ್ಲಿ ಇವರ ಹೆಸರು ಉಳಿಯಲು.

ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. 1960ರ ದಶಕದಲ್ಲಿ ಮಲೇಷ್ಯಾದ ರೇಡಿಯೊ ವಾದ್ಯವೃಂದದ ಕೆಲಸಕ್ಕೆ ಹೋದಾಗ ಅಲ್ಲಿ ನಾಗಸ್ವರ ಕೇಳಿದರು, ಕಲಿಯಲು ಕೂತರು. ಮುಂದೆ ದಕ್ಷಿಣ ಭಾರತಕ್ಕೇ ಬಂದು ಕಲಿಕೆ ಮುಂದುವರಿಸಿದರು. ‘ಹೆಲೆನ್ ಟ್ವೆಲ್ವ್ ಟ್ರೀಸ್’ ಮುಂತಾದ ತಮ್ಮ ಎಲ್‌ಪಿಗಳಲ್ಲಿ ನಾಗಸ್ವರವನ್ನೂ ನುಡಿಸಿದ್ದಾರೆ. ಆ ಹೊತ್ತಿಗೆ ಪಶ್ಚಿಮದ ಎಷ್ಟೋ ಸಂಗೀತಗಾರರು ಭಾರತದ ಕಡೆ ನೋಡುತ್ತಿದ್ದರು. ಜಾನ್ ಕೋಲ್ಟ್ರೇನ್ 1961ರಲ್ಲೇ ‘ಇಂಡಿಯಾ’ ಎಂಬ ರಚನೆ ನುಡಿಸಿದ್ದರು. ಮರಿಯಾನೊ ಅವರ ಹೆಚ್ಚುಗಾರಿಕೆ ಎಂದರೆ, ಹೆಸರು ಮಾಡಿದ ಮೇಲೂ ಕಷ್ಟದ ವಾದ್ಯವೊಂದನ್ನು ಮೊದಲಿನಿಂದ ಕಲಿತದ್ದು. ‘ಜ್ಯೋತಿ’ ಧ್ವನಿಮುದ್ರಣಕ್ಕೆ ನಿಂತಾಗ ಅವರಿಗೆ 59 ವರ್ಷ.

ಬೆಂಗಳೂರಿನ ನಾಲ್ವರು

ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಆರಂಭಿಸಿದರು. ತಾಳವಾದ್ಯವೆಂದರೆ ಗಾಯಕರ ಹಿಂದೆ ಕೂರುವುದು ಎಂಬ ರೂಢಿ ಇದ್ದಾಗ, ತಾಳವಾದ್ಯಗಳಿಗೇ ಒಂದು ಶಾಲೆ ಕಟ್ಟಿದ್ದು ಸಣ್ಣ ಕೆಲಸವಲ್ಲ. ‘ಜ್ಯೋತಿ’ಯಲ್ಲಿ ಅವರದು ಮೃದಂಗ. ಅವರ ಪತ್ನಿ ಆರ್.ಎ. ರಾಮಮಣಿ ಅವರದು ಹಾಡುಗಾರಿಕೆ ಮತ್ತು ತಂಬೂರಿ. ಆರ್.ಎ. ರಾಜಗೋಪಾಲ್ ಘಟ ಮತ್ತು ಬಾಯಿಗಿಟ್ಟು ಮೀಟುವ ಮೋರ್ಸಿಂಗ್ ನುಡಿಸಿದರೆ, ಟಿ.ಎನ್. ಶಶಿಕುಮಾರ್ ಖಂಜಿರ ನುಡಿಸಿದ್ದಾರೆ. ಖಂಜಿರ ಎಂದರೆ ನಮ್ಮ ತತ್ವಪದಕಾರರ ದಿಮ್ಮಡಿಯ ಬಳಗದ್ದೇ. ಅಂಗೈಯಗಲಕ್ಕಿಂತ ತುಸು ದೊಡ್ಡದು, ಒಂದೇ ಮುಖದ ಚರ್ಮ. ನುಡಿಸುವ ಮುನ್ನ ಚರ್ಮಕ್ಕೆ ಒಳಗಿನಿಂದ ನೀರು ಸವರಿ ಶ್ರುತಿ ಇಳಿಸುತ್ತಾರೆ. ಹಾಗಾಗಿಯೇ ಅಷ್ಟು ಸಣ್ಣ ವಾದ್ಯದಿಂದ ಅಷ್ಟು ದಪ್ಪ ಗುಮ್ಮನೆಯ ನಾದ ಬರುವುದು.

ನಾಲ್ವರಲ್ಲಿ ನನ್ನ ಮಟ್ಟಿಗೆ ಈ ರೆಕಾರ್ಡಿನ ಜೀವ ರಾಮಮಣಿ. ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ ಯಾರ ಹೆಸರಿದ್ದರೂ, ರಾಗವನ್ನು ಹಾಸಿ ಕೊಡುವುದು ಅವರ ಧ್ವನಿ. ಸ್ಯಾಕ್ಸೊಫೋನ್ ಅದರ ಮೇಲೆ ನಡೆಯುತ್ತದೆ.

ರೆಕಾರ್ಡಿನ ಒಳಗೆ

1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಊರಿನ ಬಾವರ್ ಸ್ಟುಡಿಯೊದಲ್ಲಿ ಇದರ ಧ್ವನಿಮುದ್ರಣ ನಡೆಯಿತು. ನಿರ್ಮಾಪಕ, ಇಸಿಎಂ ಸಂಸ್ಥಾಪಕ ಮನ್ಫ್ರೆಡ್ ಐಶರ್. ಒಟ್ಟು ಆರು ರಚನೆಗಳು: ‘ವಾಯ್ಸ್ ಸೋಲೊ’, ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’, ‘ಕಾರ್ತಿಕ್’, ‘ಭಜನ್’. ಒಂದೊಂದು ಬದಿಗೆ ಮೂರು.

ಮೊದಲು ಗಮನಿಸಬೇಕಾದದ್ದು ಇಲ್ಲಿ ಇಲ್ಲದ ವಾದ್ಯಗಳನ್ನು. ಪಿಯಾನೊ ಇಲ್ಲ, ಬೇಸ್ ಇಲ್ಲ, ಡ್ರಮ್ ಸೆಟ್ ಇಲ್ಲ. ಜಾಜ್ ಸ್ಯಾಕ್ಸೊಫೋನ್ ವಾದಕ ಸಾಮಾನ್ಯವಾಗಿ ಪಿಯಾನೊ, ಬೇಸ್ ಕೊಡುವ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ ಮೇಲೆ ಮನೋಧರ್ಮ ತೋರಿಸುತ್ತಾನೆ. ಪ್ರತಿ ಒಂದೆರಡು ಆವರ್ತಕ್ಕೆ ಕಾರ್ಡ್ ಬದಲಾಗುತ್ತದೆ, ಅವನೂ ಅದರ ಬೆನ್ನು ಹತ್ತಿ ಸ್ವರ ಬದಲಿಸುತ್ತ ಓಡುತ್ತಾನೆ. ಪಾರ್ಕರ್ ಹಾದಿಯಲ್ಲಿ ಬಂದ ಮರಿಯಾನೊಗೆ ಆ ಓಟ ಕೈವಶವಾಗಿತ್ತು. ‘ಜ್ಯೋತಿ’ಯಲ್ಲಿ ಓಡಲು ಕಾರ್ಡುಗಳೇ ಇಲ್ಲ. ಒಂದು ಶ್ರುತಿ, ಒಂದು ರಾಗ, ಕೆಳಗೆ ತಾಳ. ಇಂಥ ಜಾಗದಲ್ಲಿ ಎಷ್ಟೋ ಜಾಜ್ ವಾದಕರು ಗಾಬರಿಯಾಗಿ ಸ್ವರಗಳ ರಾಶಿ ಸುರಿದುಬಿಡುತ್ತಾರೆ. ಮರಿಯಾನೊ ಕಾಯುತ್ತಾರೆ. ರಾಮಮಣಿ ಒಂದು ಸಾಲು ಹಾಡಿ ಮುಗಿಸಿದ ಮೇಲೂ ಒಂದು ಉಸಿರಿನಷ್ಟು ಬಿಟ್ಟು, ಆಮೇಲೆ ಎತ್ತಿಕೊಳ್ಳುತ್ತಾರೆ. ಅವರ ದೊಡ್ಡತನವೆಲ್ಲ ಆ ಕಾಯುವಿಕೆಯಲ್ಲಿದೆ ಎಂದು ನಾನು ನಂಬಿದ್ದೇನೆ. ಮಿಂಗಸ್ ರೆಕಾರ್ಡಿನ ಕೂಗು ಕೇಳಿದವರಿಗಂತೂ ಅದೇ ಮನುಷ್ಯ ಇಷ್ಟು ಮೆತ್ತಗೆ ನುಡಿಸಬಲ್ಲನೇ ಎಂದು ಅಚ್ಚರಿಯಾಗದಿರದು.

ತಾಳದ ಕಡೆ ಬಂದರೆ, ಕೊನ್ನಕೋಲು ಕೇಳಿಸಿಕೊಳ್ಳಬೇಕು. ಬಾಯಲ್ಲೇ ಮೃದಂಗದ ಜತಿ ಹೇಳುವ ವಿದ್ಯೆ ಇದು. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕದಿಮಿ, ಐದಕ್ಕೆ ತದಿಗಿಣತೊಂ, ಏಳಕ್ಕೆ ತಕಿಟ ತಕದಿಮಿ. ಈ ತುಂಡುಗಳನ್ನು ಕೂಡಿಸಿ, ಒಡೆದು, ಮತ್ತೆ ಕೂಡಿಸಿ ಸಮಕ್ಕೆ ಬಂದು ಬೀಳುವುದೇ ಲೆಕ್ಕಾಚಾರ. ಕೈಯಲ್ಲಿ ತಾಳ ಹಾಕುತ್ತ ಕೇಳಿದರೆ ಮೊದಮೊದಲು ತಪ್ಪುತ್ತದೆ, ಬೇಸರಪಡಬೇಕಿಲ್ಲ. ಮೋರ್ಸಿಂಗ್ ಸದ್ದನ್ನು ಹಿಡಿದುಕೊಂಡರೆ ದಾರಿ ಮತ್ತೆ ಸಿಗುತ್ತದೆ.

ಇನ್ನು ಇಸಿಎಂ ರೆಕಾರ್ಡುಗಳ ಗುಣವೇ ಒಂದಿದೆ: ವಾದ್ಯ ವಾದ್ಯಗಳ ನಡುವೆ ಗಾಳಿಯಾಡುವಷ್ಟು ಜಾಗ. ಕಛೇರಿಯ ಮೈಕುಗಳಲ್ಲಿ ಒಂದರೊಳಗೊಂದು ಬೆರೆತುಹೋಗುವ ಘಟ, ಖಂಜಿರಗಳು ಇಲ್ಲಿ ಬೇರೆ ಬೇರೆಯಾಗಿ ಕೇಳಿಸುತ್ತವೆ.

ಎಲ್‌ಪಿಯಲ್ಲೇ ಕೇಳುವುದೇಕೆ

12 ಇಂಚಿನ, ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೇ ಒಂದರಷ್ಟು ಸುತ್ತು ಹಾಕುವ ಎಲ್‌ಪಿ 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯಿಂದ ಬಂತು. ಅದಕ್ಕೂ ಮುಂಚಿನ ಅರಗಿನ ರೆಕಾರ್ಡಿನಲ್ಲಿ ಒಂದು ಬದಿಗೆ ಮೂರು ನಾಲ್ಕು ನಿಮಿಷವಷ್ಟೇ ಹಿಡಿಯುತ್ತಿತ್ತು. ಎಲ್‌ಪಿಗೆ ಇಪ್ಪತ್ತು ನಿಮಿಷದ ಮೇಲೆ. ‘ಜ್ಯೋತಿ’ಯ ಒಂದೊಂದು ಬದಿ ಒಂದು ಚಿಕ್ಕ ಕಛೇರಿಯ ಹಾಗೆ ಜೋಡಣೆಯಾಗಿದೆ. ಮೊದಲ ಬದಿ ಧ್ವನಿಯಿಂದ ತೆರೆದುಕೊಳ್ಳುತ್ತದೆ, ಎರಡನೆಯದು ಭಜನೆಗೆ ಬಂದು ನಿಲ್ಲುತ್ತದೆ. ಫೋನಿನಲ್ಲಿ ಹಾಡು ಹಾರಿಸಿ ಹಾರಿಸಿ ಕೇಳಿದರೆ ಈ ಜೋಡಣೆಯೇ ಕೈತಪ್ಪುತ್ತದೆ.

ರೆಕಾರ್ಡಿಗೆ ಅದರದೇ ಮಿತಿಯೂ ಇದೆ. ತಟ್ಟೆಯ ಸುತ್ತಿನ ವೇಗ ಬದಲಾಗುವುದಿಲ್ಲ, ಆದರೆ ಗೆರೆಯ ಸುತ್ತಳತೆ ಒಳಗೆ ಹೋದಂತೆ ಕಿರಿದಾಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾಯುತ್ತದೆ. ಲೇಬಲ್ ಹತ್ತಿರ 20ರಿಂದ 25 ಅಷ್ಟೇ. ಅಷ್ಟೇ ನಾದವನ್ನು ಅರ್ಧ ಜಾಗದಲ್ಲಿ ಅದುಮಿರುವುದರಿಂದ, ಸವೆದ ಮುಳ್ಳಿದ್ದರೆ ‘ಭಜನ್’ನ ಎತ್ತರದ ಸ್ವರಗಳು ಒರಟಾಗುತ್ತವೆ. ರೆಕಾರ್ಡಿಗೆ ದುಡ್ಡು ಹಾಕುವ ಮೊದಲು ಒಳ್ಳೆಯ ಮುಳ್ಳಿಗೆ ಹಾಕುವುದು ಮೇಲು.

ನಮ್ಮ ಕಡೆಯ ಹವೆಯಲ್ಲಿ ಕಾಳಜಿ ಇನ್ನೂ ಹೆಚ್ಚು ಬೇಕು. ಎಲ್‌ಪಿ ಪಿವಿಸಿಯದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರುಗಳಲ್ಲಿ ಪತ್ರಾಸಿನ ಮನೆಯ ಮೇಲುಗೂಡಿನಲ್ಲೋ, ನಿಲ್ಲಿಸಿದ ಕಾರಿನಲ್ಲೋ ಇಟ್ಟರೆ ಅಂಚು ಬಾಗಿಬಿಡುತ್ತದೆ. ನೆಲಮಟ್ಟದ ತಂಪು ಕಪಾಟಿನಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು, ಒಂದರ ಮೇಲೊಂದು ಪೇರಿಸಬಾರದು. ಎರಿಮಣ್ಣಿನ ಧೂಳು ಬೇಸಿಗೆಯ ಒಣ ಗಾಳಿಯಲ್ಲಿ ವಿದ್ಯುತ್ ಸೆಳೆತಕ್ಕೆ ರೆಕಾರ್ಡಿಗೆ ಅಂಟಿಕೊಳ್ಳುತ್ತದೆ. ಪ್ರತಿ ಸಲ ಹಾಕುವ ಮೊದಲು, ತಟ್ಟೆ ತಿರುಗುತ್ತಿರುವಾಗ ಕಾರ್ಬನ್ ಎಳೆಗಳ ಬ್ರಷ್ಷನ್ನು ಹಗುರವಾಗಿ ಹಿಡಿದು ನಿಧಾನಕ್ಕೆ ಅಂಚಿನತ್ತ ಸರಿಸಿದರೆ ಧೂಳು ಅದರೊಂದಿಗೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಧೂಳು ಗೆರೆಯೊಳಕ್ಕೆ ಕೂರುತ್ತದೆ.

‘ಜ್ಯೋತಿ’ಯ ಹಳೆಯ ಪ್ರತಿಗಾಗಿ ಹುಡುಕಬೇಕು. ಸಿಗುವವರೆಗೆ ಕಾಯಬೇಕಿಲ್ಲ, ಇಸಿಎಂ 2017ರ ನವೆಂಬರಿನಲ್ಲಿ ತನ್ನ ಧ್ವನಿಮುದ್ರಣಗಳನ್ನು ಸ್ಟ್ರೀಮಿಂಗ್‌ಗೆ ಕೊಟ್ಟಿದೆ.

ಇದರ ಜೊತೆಗೆ ಕೇಳಬೇಕಾದವು

ಮರಿಯಾನೊ ಮತ್ತು ಮಣಿ ದಂಪತಿಯ ಒಡನಾಟ ಒಂದು ರೆಕಾರ್ಡಿಗೆ ಮುಗಿಯಲಿಲ್ಲ. ಮುಂದೆ ಅವರು ಕಲೋನ್‌ನ ಡಬ್ಲ್ಯುಡಿಆರ್ ಬಿಗ್ ಬ್ಯಾಂಡ್ ಜೊತೆ ‘ಸ್ಕೆಚಸ್ ಆಫ್ ಬ್ಯಾಂಗಲೋರ್’ ಮಾಡಿದರು. ಮರಿಯಾನೊ 2009ರಲ್ಲಿ ಕಲೋನ್‌ನಲ್ಲೇ ತೀರಿಕೊಂಡರು.

ಇನ್ನೊಂದು ದಿಕ್ಕಿನಿಂದ ಇದೇ ಸೇತುವೆ ಕಟ್ಟಿದವರು ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್. ತಂದೆ ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಅವರು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ವರ್ಷಗಟ್ಟಲೆ ದುಡಿದರು. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಜೊತೆ ವೇದಿಕೆ ಏರಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. 2008ರಲ್ಲಿ ಅಮೆರಿಕದಲ್ಲಿ ಬೆಳೆದ, ಕರ್ನಾಟಕ ಮೂಲದ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ‘ಕಿನ್ಸ್‌ಮೆನ್’ ತಂದರು. ಅದರಲ್ಲಿ ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನೇ. ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ಗಿಟಾರ್, ಬೇಸ್, ಡ್ರಮ್ಸ್ ಇವೆ.

‘ಜ್ಯೋತಿ’ಯ ಎರಡನೇ ಬದಿ ಮುಗಿದ ಕೂಡಲೇ ‘ಕಿನ್ಸ್‌ಮೆನ್’ ಹಾಕಿ ನೋಡಿ. ಮರಿಯಾನೊ ಸ್ವರದ ಕೊನೆಯನ್ನು ಬಾಗಿಸುತ್ತಾರೆ. ಗೋಪಾಲನಾಥ್ ಸ್ವರವನ್ನು ಮೊದಲಿಂದಲೇ ಆಡಿಸುತ್ತ ತರುತ್ತಾರೆ. ಒಬ್ಬರು ಜಾಜ್‌ನಿಂದ ಗಮಕಕ್ಕೆ ಬಂದವರು, ಇನ್ನೊಬ್ಬರು ಗಮಕದೊಳಗೇ ಹುಟ್ಟಿದವರು ಎಂಬುದು ಯಾರೂ ಹೇಳದೆಯೇ ಕೇಳಿಸುತ್ತದೆ.